ಅತಿಥಿಗಳಾದರೇನು, ನೆಟ್ ನಮ್ಮದೂ ಹೌದು

2024ರ ಜೂನ್ 25, ಮಂಗಳವಾರ. ಹಣಕಾಸು ಮಸೂದೆ ಬೇಡ ಅಂತ ಬೀದಿಗಿಳಿದಿದ್ದ ಜನ ಅವತ್ತು ಮಧ್ಯಾಹ್ನ ನೈರೋಬಿಯ ಪಾರ್ಲಿಮೆಂಟಿಗೇ ನುಗ್ಗಿದ್ದರು. ಕಟ್ಟಡದ ಒಂದು ಭಾಗಕ್ಕೆ ಬೆಂಕಿ ಬಿದ್ದಿತ್ತು. ಬೀದಿಯಲ್ಲಿದ್ದವರಲ್ಲಿ ಹೆಚ್ಚಿನವರು ನಮ್ಮದೇ ವಯಸ್ಸಿನವರು. ನಾವು ಮಾತ್ರ ವೆಸ್ಟ್‌ಲ್ಯಾಂಡ್ಸ್‌ನ ರೂಮುಗಳಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ಊರಲ್ಲಿ ಟಿವಿ ನೋಡಿ ಗಾಬರಿಯಾದ ಅಪ್ಪ ಅಮ್ಮಂದಿರು ವಾಟ್ಸಾಪ್‌ನಲ್ಲಿ ಕರೆಯುತ್ತಲೇ ಇದ್ದರು. ಇಲ್ಲಿ ನೆಟ್ ಮೊದಲು ಕುಂಟಿತು, ಆಮೇಲೆ ನಿಂತೇ ಹೋಯಿತು. ಕೊನೆಗೆ ಇದ್ದಬದ್ದ ಏರ್‌ಟೈಮ್ ಹಾಕಿ ಒಬ್ಬರ ಫೋನಿನಿಂದ ಮಾಮೂಲಿ ಐಎಸ್‌ಡಿ ಕಾಲ್ ಮಾಡಿದೆವು. ದಾವಣಗೆರೆಯ ಒಬ್ಬ ಅಮ್ಮನಿಗೆ ಆರು ಮನೆಗಳ ನಂಬರ್ ಕೊಟ್ಟು, "ಎಲ್ಲರೂ ಆರಾಮಾಗಿದ್ದೀವಿ ಅಂತ ನೀವೇ ಹೇಳಿಬಿಡಿ ಆಂಟಿ" ಅಂದೆವು.

ಹಿಂದಿನ ದಿನವಷ್ಟೇ ಇಲ್ಲಿನ ಸಂಪರ್ಕ ಪ್ರಾಧಿಕಾರ, ನೆಟ್ ನಿಲ್ಲಿಸುವ ಯಾವ ಉದ್ದೇಶವೂ ತನಗಿಲ್ಲ ಎಂದು ಹೇಳಿಕೆ ಕೊಟ್ಟಿತ್ತು. ನೆಟ್ ಹೋದ ಮೇಲೆ ಕಂಪನಿಗಳಿಂದ ಬಂದ ವಿವರಣೆ: ಸಮುದ್ರದಡಿಯ ಕೇಬಲ್‌ಗಳಲ್ಲಿ ತೊಂದರೆ. ಅದೇ ಗಳಿಗೆಗೆ ಸರಿಯಾಗಿ ಕೇಬಲ್ ಕೆಡಬೇಕಿತ್ತೇ ಎಂದು ನಾಗರಿಕ ಹಕ್ಕುಗಳ ಸಂಘಟನೆಗಳು ಕೇಳಿದವು. ನಾವು ಈ ಲೇಖನದಲ್ಲಿ ಆ ಜಗಳ ಬಗೆಹರಿಸಲು ಹೊರಟಿಲ್ಲ. ನಮ್ಮನ್ನು ಕಾಡಿದ್ದು ಮರುದಿನ ನಮ್ಮ ನಡುವೆಯೇ ನಡೆದ ಮಾತು. "ಇದು ನಮ್ಮ ದೇಶ ಅಲ್ಲ, ಓದೋಕೆ ಬಂದಿದ್ದೀವಿ, ಊರ ಉಸಾಬರಿ ನಮಗ್ಯಾಕೆ?" ಅಂತ ಒಬ್ಬರು ಅಂದರು, ಉಳಿದವರೆಲ್ಲ ತಲೆಯಾಡಿಸಿದೆವು. ಆ ತಲೆಯಾಡಿಸಿದ್ದು ತಪ್ಪು ಅಂತ ಈಗ ನಮಗೆ ಅನ್ನಿಸುತ್ತಿದೆ. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ವೆಸ್ಟ್‌ಲ್ಯಾಂಡ್ಸ್ ಗೊತ್ತಿಲ್ಲದವರಿಗೆ ಒಂದು ಮಾತು. ಪಕ್ಕದ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಗುಜರಾತಿ ಅಂಗಡಿಗಳು, ದೋಸೆ ಹಿಟ್ಟು, ಕರಿಬೇವು ಎಲ್ಲಾ ಸಿಗುತ್ತೆ. ಇತ್ತ ಚಿರೋಮೊ ಕ್ಯಾಂಪಸ್. ನಡುವೆ ವಯಾಕಿ ವೇ ಎಂಬ ದೊಡ್ಡ ರಸ್ತೆ. ದೇಶದ ಅತಿ ದೊಡ್ಡ ಮೊಬೈಲ್ ಕಂಪನಿ ಸಫಾರಿಕಾಮ್‌ನ ಮುಖ್ಯ ಕಚೇರಿ ಈ ರಸ್ತೆಯ ಮೇಲಿದೆ. ಆ ಕಂಪನಿಯನ್ನು ನಿಯಂತ್ರಿಸಬೇಕಾದ ಸಂಪರ್ಕ ಪ್ರಾಧಿಕಾರದ ಕಚೇರಿಯೂ ಇದೇ ರಸ್ತೆಯ ಮೇಲೆ. ಕೀನ್ಯಾದ ನೆಟ್ ಬಗ್ಗೆ ತೀರ್ಮಾನ ಮಾಡುವ ಎರಡು ದೊಡ್ಡ ಬಾಗಿಲುಗಳ ಮುಂದೆ ನಾವು ದಿನಾ ಮಟಾಟುವಿನಲ್ಲಿ ಹಾದುಹೋಗುತ್ತೇವೆ. ಒಳಗೆ ಏನು ನಡೆಯುತ್ತದೆ ಎಂದು ಮಾತ್ರ ಯಾವತ್ತೂ ಕೇಳಿದವರಲ್ಲ.

ಆದರೆ ನಮ್ಮ ದಿನ ಪೂರ್ತಿ ನಡೆಯುವುದು ಅವರ ಕೈಯಲ್ಲೇ. ತರಕಾರಿ ಮಾರುವ ಮಾಮಾಗೆ ಕೊಡುವುದು ಎಂ-ಪೇಸಾ, ರೂಮ್ ಬಾಡಿಗೆ ಎಂ-ಪೇಸಾ, ಪ್ರಿಪೇಯ್ಡ್ ಕರೆಂಟ್ ಟೋಕನ್ ಎಂ-ಪೇಸಾ. 2007ರ ಮಾರ್ಚ್‌ನಲ್ಲಿ ಶುರುವಾದದ್ದು ಇದು. ಊರಲ್ಲಿ ನಾವು ಯುಪಿಐ ಅಂತ ಬೀಗುವ ಎಷ್ಟೋ ವರ್ಷ ಮೊದಲೇ ಇಲ್ಲಿನ ಹಳ್ಳಿಯ ಅಜ್ಜಿಯರು ಬಟನ್ ಫೋನಿನಲ್ಲಿ ದುಡ್ಡು ಕಳಿಸುತ್ತಿದ್ದರು. ಅಂದಹಾಗೆ ಸ್ವಾಹಿಲಿಯ ‘ಪೇಸಾ’ ನಮ್ಮ ‘ಪೈಸಾ’ದ ನೆಂಟ, ಹಿಂದೂ ಮಹಾಸಾಗರದ ವ್ಯಾಪಾರದ ಜೊತೆ ಬಂದದ್ದು. ನಮಗಿಂತ ಮೊದಲೇ ನಮ್ಮ ಕಡೆಯ ಶಬ್ದ ಇಲ್ಲಿ ಬಂದು ನೆಲೆಸಿದೆ!

ಸರ್ಕಾರದ ಕೆಲಸಗಳೂ ಹಾಗೇ. ಲೈಸೆನ್ಸು, ಪಾಸ್‌ಪೋರ್ಟು, ಎಲ್ಲವೂ ಇ-ಸಿಟಿಜನ್ ಎಂಬ ಒಂದೇ ಪೋರ್ಟಲ್‌ನಲ್ಲಿ. 2023ರ ಜೂನ್ ಕೊನೆಯಲ್ಲಿ 5000ಕ್ಕೂ ಹೆಚ್ಚು ಸೇವೆಗಳು ಅದರಲ್ಲಿ ಸಿಗುತ್ತವೆ ಎಂದು ದೊಡ್ಡದಾಗಿ ಘೋಷಣೆಯಾಯಿತು. ಒಂದು ತಿಂಗಳೂ ತುಂಬಿರಲಿಲ್ಲ, ಜುಲೈ ಕೊನೆಯ ವಾರ ಪೋರ್ಟಲ್ ಕುಸಿಯಿತು. ಅನಾನಿಮಸ್ ಸುಡಾನ್ ಎಂದು ಹೆಸರಿಟ್ಟುಕೊಂಡ ಗುಂಪು ಇದು ತನ್ನ ಕೆಲಸ ಎಂದಿತು. ಅವರು ಮಾಡಿದ್ದು ಬೀಗ ಒಡೆಯುವ ಕಳ್ಳತನ ಅಲ್ಲ. ಸಂತೆಯ ದಿನ ಒಂದೇ ಅಂಗಡಿಯ ಬಾಗಿಲಿಗೆ ಹತ್ತು ಸಾವಿರ ಸುಳ್ಳು ಗಿರಾಕಿಗಳನ್ನು ನುಗ್ಗಿಸಿದರೆ ನಿಜವಾದ ಗಿರಾಕಿ ಒಳಗೆ ಹೋಗಲಾರ, ನೋಡಿ, ಅಂಥದ್ದು. ಕರೆಂಟ್ ಟೋಕನ್ ಕೊಳ್ಳುವುದಕ್ಕೂ, ರೈಲಿನ ಟಿಕೆಟ್‌ಗೂ, ಮೊಬೈಲ್ ಹಣಕ್ಕೂ ತೊಡಕಾಯಿತು. ಇ-ವೀಸಾ ಸಿಗದ ಪ್ರಯಾಣಿಕರಿಗೆ ಬಂದಿಳಿದ ಮೇಲೆ ವೀಸಾ ಕೊಡಬೇಕಾಯಿತು. ದಾಳಿ ನಡೆದದ್ದು ನಿಜ, ಆದರೆ ಮಾಹಿತಿ ಕಳೆದುಹೋಗಿಲ್ಲ ಎಂದು ಆಗಿನ ಐಸಿಟಿ ಮಂತ್ರಿ ಎಲಿಯುಡ್ ಒವಾಲೊ ಹೇಳಿದರು. ಮುಂದೆ 2024ರ ಅಕ್ಟೋಬರ್‌ನಲ್ಲಿ ಅಮೆರಿಕ, ಈ ಗುಂಪನ್ನು ನಡೆಸುತ್ತಿದ್ದರೆಂದು ಇಬ್ಬರು ಸುಡಾನ್ ಸಹೋದರರ ಮೇಲೆ ಆರೋಪ ಹೊರಿಸಿತು.

ಎಲ್ಲವನ್ನೂ ಒಂದೇ ಬಾಗಿಲಿಗೆ ತಂದರೆ ಆ ಬಾಗಿಲು ಗಟ್ಟಿಯಿರಬೇಕು. ಅದು ಕೆಟ್ಟರೆ ಹಿಂದೊಂದು ಬಾಗಿಲು ಬೇಕು. ಕೆಟ್ಟಿದ್ದು ಯಾಕೆ ಅಂತ ಜನಕ್ಕೆ ಹೇಳಬೇಕು. ನಮ್ಮ ದೃಷ್ಟಿಯಲ್ಲಿ ಸೈಬರ್ ಭದ್ರತೆ ಅಂದರೆ ಇಷ್ಟೇ. ಆದರೆ ಸರ್ಕಾರಗಳಿಗೆ ಇನ್ನೊಂದು ಸುಲಭದ ದಾರಿ ಕಾಣುತ್ತದೆ: ಮಾತಾಡುವವರ ಬಾಯಿ ಮುಚ್ಚಿಸುವುದು. ಎರಡನ್ನೂ ‘ಭದ್ರತೆ’ ಎಂಬ ಒಂದೇ ಚೀಲಕ್ಕೆ ತುಂಬಿ ಕೊಡುತ್ತಾರೆ. ನಮ್ಮ ತಕರಾರು ಇರುವುದು ಅಲ್ಲಿ.

ಇಲ್ಲಿನ ಕಾನೂನಿನ ಕಥೆ ನೋಡಿ. ಫೋನ್, ನೆಟ್‌ನ ‘ಅನುಚಿತ ಬಳಕೆ’ ಅಪರಾಧ ಎನ್ನುತ್ತಿದ್ದ ಹಳೆಯ ಸಂಪರ್ಕ ಕಾಯ್ದೆಯ 29ನೇ ಸೆಕ್ಷನ್ ಅನ್ನು ಹೈಕೋರ್ಟ್ 2016ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಎರಡೇ ವರ್ಷ. 2018ರ ಮೇ 16ರಂದು ಕಂಪ್ಯೂಟರ್ ದುರ್ಬಳಕೆ ಮತ್ತು ಸೈಬರ್ ಅಪರಾಧ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಹ್ಯಾಕಿಂಗ್, ವಂಚನೆ, ಮಕ್ಕಳ ಅಶ್ಲೀಲ ಚಿತ್ರ, ಇವುಗಳಿಗೆ ಶಿಕ್ಷೆ ಇರಲೇಬೇಕು, ಅದಕ್ಕೆ ಯಾರ ವಿರೋಧವೂ ಇಲ್ಲ. ಆದರೆ ಅದೇ ಕಾಯ್ದೆಯಲ್ಲಿ ‘ಸುಳ್ಳು ಸುದ್ದಿ’ ಪ್ರಕಟಿಸಿದವರಿಗೆ 50 ಲಕ್ಷ ಶಿಲಿಂಗ್ ದಂಡ, ಹತ್ತು ವರ್ಷದವರೆಗೆ ಜೈಲು ಅಂತಲೂ ಬಂತು. ಬ್ಲಾಗರ್‌ಗಳ ಸಂಘ ಕೋರ್ಟಿಗೆ ಹೋಯಿತು, ಅದೇ ತಿಂಗಳ ಕೊನೆಯಲ್ಲಿ 26 ಸೆಕ್ಷನ್‌ಗಳಿಗೆ ತಡೆ ಸಿಕ್ಕಿತು. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ಬಂದು, ವೆಬ್‌ಸೈಟ್ ಮತ್ತು ಆ್ಯಪ್‌ಗಳನ್ನು ಮುಚ್ಚಿಸುವ ಅಧಿಕಾರವನ್ನು ಸರ್ಕಾರದ ಒಂದು ಸಮಿತಿಗೆ ಕೊಟ್ಟಿತು. ಸೈಬರ್ ಕಿರುಕುಳದ ವ್ಯಾಖ್ಯೆಯನ್ನೂ ಹಿಗ್ಗಿಸಿತು. ಒಂದು ವಾರದಲ್ಲಿ ಹೈಕೋರ್ಟ್ ಅದರ ಕೆಲವು ಭಾಗಗಳಿಗೆ ತಡೆ ಕೊಟ್ಟಿತು. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆ ಬೇರೆ ಹೆಸರಿನಲ್ಲಿ ಬರುತ್ತದೆ, ಮತ್ತೆ ಯಾರಾದರೂ ಕೋರ್ಟಿನ ಮೆಟ್ಟಿಲು ಹತ್ತಬೇಕು.

ಈ ಕಥೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಐಟಿ ಕಾಯ್ದೆಯ 66ಎ ಸೆಕ್ಷನ್ ಇದರ ಅಣ್ಣ. ಫೇಸ್‌ಬುಕ್‌ನಲ್ಲಿ ಏನೋ ಬರೆದರು ಅಂತ ಜನರನ್ನು ಹಿಡಿದು ಒಳಗೆ ಹಾಕಲು ಬಳಕೆಯಾದ ಆ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿತು. ನೆಟ್ ನಿಲ್ಲಿಸುವುದರಲ್ಲೂ ನಾವೇನು ಹಿಂದೆ ಬಿದ್ದಿಲ್ಲ. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಗೋಲಿಬಾರ್ ಆದಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ನೆಟ್ ಬಂದ್ ಮಾಡಿದ್ದರು. ನಮ್ಮ ಬಳಗದ ಮಂಗಳೂರು ಹುಡುಗಿ ಹೇಳುತ್ತಾಳೆ: "ಆಗ ನಾನು ಮನೆಯಲ್ಲಿದ್ದೆ, ಅಣ್ಣ ಹೊರಗಿದ್ದ. ಈಗ ನಾನು ಹೊರಗೆ, ಮನೆಯವರು ಅಲ್ಲಿ. ಹೆದರಿಕೆ ಅದೇ ಮಾರಾಯ್ರೆ." ಹಾಗಾಗಿ ನಾವು ಮುಂದುವರಿದ ಊರಿನಿಂದ ಬಂದು ಹಿಂದುಳಿದ ಊರಿಗೆ ಬುದ್ಧಿ ಹೇಳುತ್ತಿಲ್ಲ. ಎರಡು ಮನೆಯ ಜಂತಿಗೂ ಒಂದೇ ಗೆದ್ದಲು ಹಿಡಿದಿದೆ ಅಂತ ಹೇಳುತ್ತಿದ್ದೇವೆ.

ಭದ್ರತೆಯೇ ಬೇಡ ಅಂತ ನಾವು ಹೇಳುತ್ತಿಲ್ಲ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಇದ್ದುಕೊಂಡು ಯಾರೂ ಹಾಗೆ ಹೇಳಲಾರರು. 2013ರ ಸೆಪ್ಟೆಂಬರ್ 21ರಂದು ಉಗ್ರರು ನುಗ್ಗಿ 67 ಜನರನ್ನು ಕೊಂದ ವೆಸ್ಟ್‌ಗೇಟ್ ಮಾಲ್ ನಮ್ಮ ಬೀದಿಯಲ್ಲೇ ಇದೆ. 2019ರ ಜನವರಿಯಲ್ಲಿ ದಾಳಿಯಾದ ರಿವರ್‌ಸೈಡ್ ಡ್ರೈವ್ ಚಿರೋಮೊ ಕ್ಯಾಂಪಸ್ಸಿನ ಪಕ್ಕದಲ್ಲೇ. ಮಾಲಿನ ಬಾಗಿಲಲ್ಲಿ ಬ್ಯಾಗ್ ತೆರೆದು ತೋರಿಸುವಾಗ ನಮಗೆ ಬೇಜಾರಾಗುವುದಿಲ್ಲ. ಆದರೆ ಒಂದು ನೆನಪಿರಲಿ. ಆ ಎರಡು ದಾಳಿಗಳಲ್ಲೂ ಒಳಗೆ ಅಡಗಿ ಕೂತವರು ಹೊರಗಿನವರಿಗೆ ತಾವು ಬದುಕಿದ್ದೇವೆ ಎಂದು ತಿಳಿಸಿದ್ದು ಫೋನಿನ ಮೆಸೇಜ್‌ಗಳಿಂದ, ಟ್ವೀಟ್‌ಗಳಿಂದ. ಭದ್ರತೆಯ ಹೆಸರಿನಲ್ಲಿ ನೆಟ್ ಕಿತ್ತರೆ ಮೊದಲು ಒಂಟಿಯಾಗುವವನು ಅಪಾಯದಲ್ಲಿ ಸಿಕ್ಕಿಕೊಂಡವನೇ.

ಇನ್ನು ಸಂಖ್ಯೆಗಳ ವಿಷಯ. ಪ್ರಾಧಿಕಾರದ ಅಡಿಯಲ್ಲಿರುವ ರಾಷ್ಟ್ರೀಯ ಸೈಬರ್ ತಂಡ ಮೂರು ತಿಂಗಳಿಗೊಮ್ಮೆ ವರದಿ ಕೊಡುತ್ತದೆ, ಅದು ಒಳ್ಳೆಯ ಕೆಲಸವೇ. 2025ರ ಮೊದಲ ಮೂರು ತಿಂಗಳಲ್ಲಿ ಸುಮಾರು 250 ಕೋಟಿ ಬೆದರಿಕೆ ಘಟನೆಗಳು ಕಂಡುಬಂದವು ಎಂದು ಅದರಲ್ಲಿತ್ತು. ಓದಿದರೆ ಎದೆ ಝಲ್ ಅನ್ನುತ್ತದೆ. ಆದರೆ ಇವು ಯಂತ್ರಗಳು ಪತ್ತೆಹಚ್ಚಿದ ಪ್ರಯತ್ನಗಳು. ಬಾಗಿಲು ತಟ್ಟಿದ ಲೆಕ್ಕ, ಮನೆ ದೋಚಿದ ಲೆಕ್ಕ ಅಲ್ಲ. ದೋಚಿಸಿಕೊಂಡವರ ಲೆಕ್ಕ ಬೇರೆ ಇದೆ, ಅದು ಯಾವ ವರದಿಗೂ ಬರುವುದಿಲ್ಲ.

ನಮ್ಮ ಬಳಗದ ಒಬ್ಬ ತಮ್ಮನ ಕಥೆ ಕೇಳಿ. ಹೆಸರು ಬೇಡ, ಹುಬ್ಬಳ್ಳಿ ಕಡೆಯ ಹುಡುಗ. ಒಂದು ಸಂಜೆ ಫೋನ್ ಬಂತು. "ನಿಮ್ಮ ಸಿಮ್ ನೋಂದಣಿ ಸರಿಯಿಲ್ಲ, ಇವತ್ತು ರಾತ್ರಿ ಬಂದ್ ಆಗುತ್ತೆ" ಅಂತ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರಂತೆ. ಪಾಸ್‌ಪೋರ್ಟ್ ನಂಬರ್ ಕೇಳಿದರು, ಹೇಳಿದ. ಬಂದ ಕೋಡ್ ಕೇಳಿದರು, ಅದನ್ನೂ ಹೇಳಿದ. ಅರ್ಧ ಗಂಟೆಯಲ್ಲಿ ಫೋನಿನ ಸಿಗ್ನಲ್ ಹೋಯಿತು, ಬೆಳಗ್ಗೆ ನೋಡಿದರೆ ಬಾಡಿಗೆಗೆ ಅಂತ ಇಟ್ಟಿದ್ದ 38,000 ಶಿಲಿಂಗ್ ಇರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಎರಡೂವರೆ ತಿಂಗಳು ರಾತ್ರಿ ಊಟ ಬಿಟ್ಟು, ಚಹಾ ಮಂದಾಜಿಯಲ್ಲಿ ದಿನ ತಳ್ಳಿದ. ಕೊನೆಗೆ ಮನೆ ಓನರ್ ಬಂದು ಬಾಗಿಲು ಬಡಿದಾಗ ನಮಗೆ ಗೊತ್ತಾಯಿತು. ಯಾಕೋ ಹೇಳಲಿಲ್ಲ ಅಂದರೆ, "ಏನಂತ ಹೇಳ್ಲಿ ಅಕ್ಕಾ? ಕಂಪ್ಯೂಟರ್ ಸೈನ್ಸ್ ಓದಾಕ ಬಂದಾಂವ ಕೋಡ್ ಹೇಳಿ ರೊಕ್ಕ ಕಳ್ಕೊಂಡ ಅಂತ ನಗ್ತಾರ. ಮನ್ಯಾಗ ಗೊತ್ತಾದ್ರ ವಾಪಸ್ ಬಾ ಅಂತಾರ. ಪೊಲೀಸ್ರ ಹತ್ರ ಹೋದ್ರ ವೀಸಾಕ್ಕ ಏನಾಗ್ತದೋ" ಅಂದ.

ಅವನ ಮೂರೂ ಹೆದರಿಕೆ ನಮಗೆಲ್ಲ ಇರುವವೇ. ಕಳ್ಳರಿಗೂ ಅದು ಗೊತ್ತು. ಪರದೇಶದ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವರ ದಂಧೆ ನಿಂತಿದೆ. ಒಬ್ಬ ಸುಮ್ಮನಿದ್ದರೆ ಅದೇ ಫೋನ್ ಮುಂದಿನ ವಾರ ಪಕ್ಕದ ರೂಮಿಗೆ ಬರುತ್ತದೆ. ನಮ್ಮಲ್ಲಿ ಹಾಗೇ ಆಯಿತು ಕೂಡ. ಅವನು ವಿಷಯ ಹೇಳಿದ ಮೇಲೆ ಇನ್ನಿಬ್ಬರು ನಿಧಾನಕ್ಕೆ "ನಂಗೂ ಆಗಿತ್ತು" ಅಂದರು. ಮೂವರೂ ಒಬ್ಬರಿಗೊಬ್ಬರು ಗೊತ್ತಿದ್ದವರು, ಮೂವರೂ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದವರು.

ಇಲ್ಲಿನ ಕಾನೂನು ನಮ್ಮನ್ನು ಹೊರಗಿಟ್ಟಿದೆಯೇ? ಇಲ್ಲ. ಕೀನ್ಯಾದ 2010ರ ಸಂವಿಧಾನ ತೆಗೆದು ನೋಡಿ. ಸರ್ಕಾರದಿಂದ ಮಾಹಿತಿ ಪಡೆಯುವ 35ನೇ ವಿಧಿ ‘ಪ್ರತಿ ನಾಗರಿಕ’ನಿಗೆ ಅನ್ನುತ್ತದೆ, ಅದು ನಮಗೆ ಅನ್ವಯಿಸದು. ಆದರೆ ಖಾಸಗಿತನದ 31ನೇ ವಿಧಿ ‘ಪ್ರತಿ ವ್ಯಕ್ತಿ’ಗೆ ಅನ್ನುತ್ತದೆ. ಆ ವ್ಯಕ್ತಿಗಳಲ್ಲಿ ನಾವೂ ಇದ್ದೇವೆ. 2019ರ ನವೆಂಬರ್‌ನಲ್ಲಿ ಬಂದ ದತ್ತಾಂಶ ರಕ್ಷಣಾ ಕಾಯ್ದೆಯೂ ಪಾಸ್‌ಪೋರ್ಟಿನ ಬಣ್ಣ ಕೇಳುವುದಿಲ್ಲ. ಮಾಹಿತಿ ಸೋರಿ ಜನರಿಗೆ ಅಪಾಯ ಆಗುವಂತಿದ್ದರೆ ಸಂಸ್ಥೆಗಳು 72 ಗಂಟೆಯೊಳಗೆ ದತ್ತಾಂಶ ಆಯುಕ್ತರಿಗೆ ತಿಳಿಸಬೇಕು. ನಾವು ದೂರು ಕೊಟ್ಟರೆ 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ಇದು ಬರೀ ಪುಸ್ತಕದ ಮಾತಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆಯುಕ್ತೆ ಇಮ್ಯಾಕ್ಯುಲೇಟ್ ಕಸೈಟ್ ಅವರ ಕಚೇರಿ, ಮಕ್ಕಳ ಫೋಟೋವನ್ನು ಪೋಷಕರ ಒಪ್ಪಿಗೆಯಿಲ್ಲದೆ ಹಾಕಿದ ಒಂದು ಶಾಲೆಗೆ 45.5 ಲಕ್ಷ ಶಿಲಿಂಗ್ ದಂಡ ಹಾಕಿತು. ಗಿರಾಕಿಯ ಫೋಟೋವನ್ನು ಕೇಳದೆ ಹಾಕಿದ ಒಂದು ರೆಸ್ಟೋರೆಂಟ್‌ಗೆ 18.5 ಲಕ್ಷ. ಬೇರೆಯವರ ಫೋನ್ ನಂಬರ್ ಹಿಡಿದು ಬೆದರಿಕೆ ಮೆಸೇಜ್ ಕಳಿಸಿದ ಸಾಲದ ಆ್ಯಪ್ ಕಂಪನಿಯೊಂದಕ್ಕೆ 29.75 ಲಕ್ಷ. ದೂರು ಕೊಟ್ಟವರು ಇದ್ದಿದ್ದರಿಂದ ಇಷ್ಟೆಲ್ಲ ಆಯಿತು.

ಬಳಸುವವರು ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿ ಇನ್ನೂ ಹಳೆಯ ಉದಾಹರಣೆ ಇದೆ. 2000ನೇ ಇಸವಿಗೆ ಮುಂಚೆ ನೈರೋಬಿಯ ಒಂದು ಬೀದಿಯಿಂದ ಪಕ್ಕದ ಬೀದಿಗೆ ಕಳಿಸಿದ ಈಮೇಲ್, ಇಬ್ಬರ ಕಂಪನಿ ಬೇರೆಯಾದರೆ, ಉಪಗ್ರಹ ಹತ್ತಿ ಸಾಗರ ದಾಟಿ ಹೊರದೇಶ ಸುತ್ತಿ ಬರಬೇಕಿತ್ತು. ಅದಕ್ಕೆ ಡಾಲರ್‌ನಲ್ಲಿ ದುಡ್ಡು. ಇದು ಯಾವ ನ್ಯಾಯ ಅಂತ ಸ್ಥಳೀಯ ನೆಟ್ ಕಂಪನಿಗಳು ಸೇರಿ ಆ ವರ್ಷ ನವೆಂಬರ್‌ನಲ್ಲಿ ತಮ್ಮದೇ ಒಂದು ಕೂಡುಕಟ್ಟೆ ಮಾಡಿಕೊಂಡವು. ಅದಕ್ಕೆ ಕಿಕ್ಸ್‌ಪಿ ಎಂದು ಹೆಸರು. ಆಗ ಅಂತರರಾಷ್ಟ್ರೀಯ ಸಂಪರ್ಕದ ಏಕಸ್ವಾಮ್ಯ ಇದ್ದ ಟೆಲ್ಕಾಮ್ ಕೀನ್ಯಾ ದೂರು ಕೊಟ್ಟಿತು, ಸುಮಾರು ಎರಡೇ ವಾರದಲ್ಲಿ ನಿಯಂತ್ರಣ ಆಯೋಗ ಅದನ್ನು ಮುಚ್ಚಿಸಿತು. ಆ ಕಂಪನಿಗಳ ಇಂಜಿನಿಯರುಗಳು ಉಸಾಬರಿ ನಮಗ್ಯಾಕೆ ಅನ್ನಲಿಲ್ಲ. ಮಂತ್ರಾಲಯ, ಆಯೋಗ, ಪತ್ರಿಕೆ ಅಂತ ಒಂದು ವರ್ಷ ಓಡಾಡಿ ವಾದ ಮಾಡಿ 2002ರಲ್ಲಿ ಅದನ್ನು ಮತ್ತೆ ತೆರೆಸಿದರು. ಭಾರತದಲ್ಲಿ ಇಂಥದ್ದೇ ವ್ಯವಸ್ಥೆಗಾಗಿ ನಿಕ್ಸಿ ಹುಟ್ಟಿದ್ದು 2003ರಲ್ಲಿ. ಈ ವಿಷಯದಲ್ಲಿ ನೈರೋಬಿಯೇ ಮುಂದೆ. ಅದೇ ಹಟದಿಂದ ಕಿಕ್ಟಾನೆಟ್ ಎಂಬ ವೇದಿಕೆಯೂ ಬೆಳೆಯಿತು. ಸರ್ಕಾರ, ಕಂಪನಿ, ವಿಶ್ವವಿದ್ಯಾಲಯ, ಪತ್ರಕರ್ತರು, ಸಾಮಾನ್ಯರು ಎಲ್ಲರೂ ಕೂತು ನೆಟ್ ಕಾನೂನಿನ ಬಗ್ಗೆ ಜಗಳವಾಡುವ ಜಾಗ ಅದು. 2011ರಲ್ಲಿ ವಿಶ್ವಸಂಸ್ಥೆಯ ಇಂಟರ್ನೆಟ್ ಆಡಳಿತ ವೇದಿಕೆಯ ಸಭೆ ನಡೆದದ್ದೂ ಈ ನೈರೋಬಿಯಲ್ಲೇ.

ಹಾಗಾದರೆ ನಾವು ಕೇಳುವುದೇನು? ನೆಟ್ ನಿಂತರೆ, ದೊಡ್ಡ ಪೋರ್ಟಲ್ ಬಿದ್ದರೆ, ಇಷ್ಟು ದಿನದೊಳಗೆ ಕಾರಣ ಏನೆಂದು ಸ್ವತಂತ್ರವಾಗಿ ಪರಿಶೀಲಿಸಿದ ವರದಿ ಜನರ ಮುಂದೆ ಬರಬೇಕು. ಕೇಬಲ್ ಕೆಟ್ಟಿದ್ದೇ ನಿಜವಾದರೆ ವರದಿಯಿಂದ ಸರ್ಕಾರಕ್ಕೇ ಲಾಭ. ವೆಬ್‌ಸೈಟ್ ಮುಚ್ಚಿಸುವ ಅಧಿಕಾರ ಸಮಿತಿಯ ಕೈಯಲ್ಲಿ ಬೇಡ, ನ್ಯಾಯಾಧೀಶರ ಆದೇಶ ಇರಲಿ. 2025ರ ಮೇ ತಿಂಗಳಲ್ಲಿ ಹೈಕೋರ್ಟ್, ಅರ್ಜಿ ಇತ್ಯರ್ಥ ಆಗುವವರೆಗೆ ನೆಟ್ ನಿಲ್ಲಿಸಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿದೆ. ಅದು ಕಾಯಂ ಕಾನೂನಾಗಲಿ. ಕೋಟಿಗಳ ಲೆಕ್ಕದ ಜೊತೆ ದುಡ್ಡು ಕಳಕೊಂಡ ಸಾಮಾನ್ಯರ ಲೆಕ್ಕವೂ ಪ್ರಕಟವಾಗಲಿ.

ನಾವು ಮಾಡಬೇಕಾದದ್ದೂ ಇದೆ. ನಾವು ಪ್ರತಿಭಟನೆಯ ಮುಂಚೂಣಿಗೆ ಹೋಗಬೇಕಿಲ್ಲ, ಓದಲು ಬಂದವರ ಮಿತಿ ನಮಗೆ ಗೊತ್ತು. ಆದರೆ ಮೋಸದ ಮೆಸೇಜ್ ಬಂದರೆ 333ಕ್ಕೆ ಫಾರ್ವರ್ಡ್ ಮಾಡುವುದಕ್ಕೆ ಯಾವ ವೀಸಾ ಬೇಕು? ತಪ್ಪು ನಂಬರಿಗೆ ದುಡ್ಡು ಹೋದರೆ ಆ ಮೆಸೇಜನ್ನು ತಕ್ಷಣ 456ಕ್ಕೆ ಕಳಿಸಬಹುದು. ಹೊಸ ನಿಯಮಗಳ ಕರಡು ಬಂದಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ನಮ್ಮಲ್ಲಿ ಕಾನೂನು ಓದುವವರಿದ್ದಾರೆ, ಕಂಪ್ಯೂಟರ್ ಓದುವವರಿದ್ದಾರೆ, ಸೇರಿ ಎರಡು ಪುಟ ಬರೆದು ಕಳಿಸಲು ಒಂದು ಭಾನುವಾರ ಸಾಕು. ಎಲ್ಲಕ್ಕಿಂತ ಮುಖ್ಯ, ಮೋಸ ಹೋದವರನ್ನು ನೋಡಿ ನಗುವುದನ್ನು ನಿಲ್ಲಿಸಬೇಕು. ಈ ವರ್ಷದಿಂದ ನಮ್ಮ ಬಳಗ ತಿಂಗಳ ಸಭೆಯಲ್ಲಿ ಮೊದಲ ಹತ್ತು ನಿಮಿಷ ಇದಕ್ಕೇ ಇಟ್ಟಿದೆ. ಯಾರಿಗೆ ಎಂಥ ಫೋನ್ ಬಂತು, ಏನು ಕೇಳಿದರು, ಅಷ್ಟೇ. ಮೊದಲ ಸಭೆಯಲ್ಲಿ ಮಾತಾಡಿದ್ದು ನಮ್ಮ ಹುಬ್ಬಳ್ಳಿ ತಮ್ಮ. ಯಾರೂ ನಗಲಿಲ್ಲ. ಹೊಸದಾಗಿ ಬಂದ ಇಬ್ಬರು ಅವನು ಹೇಳಿದ್ದನ್ನು ಬರೆದುಕೊಂಡರು.

ನೀವು ಲಂಡನ್ನಿನಲ್ಲಿರಿ, ಮೆಲ್ಬರ್ನ್‌ನಲ್ಲಿರಿ, ನಿಮ್ಮೂರಿನ ನೆಟ್ ಯಾರ ಕೈಯಲ್ಲಿದೆ, ಅದು ನಿಂತರೆ ಯಾರನ್ನು ಕೇಳಬೇಕು ಅಂತ ಒಮ್ಮೆ ವಿಚಾರಿಸಿ ನೋಡಿ. ನಿಮ್ಮ ಬಳಗದಲ್ಲೂ ಯಾರಾದರೂ ಊಟ ಬಿಟ್ಟು ಸುಮ್ಮನಿದ್ದಾರೋ ಏನೋ, ಅದನ್ನೂ ಕೇಳಿ. ದಾವಣಗೆರೆಯ ಆ ಆಂಟಿ ಈಗಲೂ ಆರು ಮನೆಗಳ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದಾರಂತೆ. "ಇನ್ನೊಂದ್ಸಲ ನೆಟ್ ಹೋದ್ರೆ ಇರ್ಲಿ ಕಣ್ರೋ" ಅಂತಾರೆ. ಆ ಚೀಟಿಯನ್ನು ಅವರು ನಿಶ್ಚಿಂತೆಯಿಂದ ಕಿತ್ತು ಹಾಕುವ ಹಾಗಾಗಬೇಕು.